ಗುರುಗ್ರಹದ ಕಡೆಗೆ ಹೊರಟ ಹೆಸರು

ಕುಷ್ಟಗಿಯಲ್ಲಿ ಜೋಳ ಬೀಸಿಸಲು ಬಂದವರು ಗಿರಣಿಯ ಮುಂದಿನ ಕಟ್ಟೆಯ ಮೇಲೆ ಅರ್ಧ ತಾಸು ಕೂಡ್ರಲೇಬೇಕು. ಆ ಅರ್ಧ ತಾಸಿನಲ್ಲಿ ಗುರು, ಶನಿ, ಯುರೇನಸ್, ನೆಪ್ಚೂನ್‌ಗಳ ಕ್ಷೇಮಸಮಾಚಾರ ಕೇಳಲೇಬೇಕೆಂಬ ನಿಯಮವನ್ನು, ತಹಶೀಲ್ ಕಚೇರಿಯ ಶಿರಸ್ತೇದಾರಿಕೆಯಿಂದ ನಿವೃತ್ತನಾದ ಮೇಲೆ ನಾನು ಜಾರಿಗೆ ತಂದೆ. ಇದಕ್ಕೆ ಯಾವ ಸರ್ಕಾರಿ ಆದೇಶವೂ ಇರಲಿಲ್ಲ. ಗಿರಣಿಯ ಮಾಲೀಕ ನನ್ನ ಬಾಲ್ಯದ ಗೆಳೆಯ. ಅವನು ಬೇಡವೆನ್ನಲಿಲ್ಲ, ಅಷ್ಟೇ ಆಧಾರ.

ಜನ ಬೇಸರಪಡಲಿಲ್ಲ ಎಂಬುದನ್ನು ದಾಖಲಿಸಬೇಕು. ನಮ್ಮ ದೇಶದ ನೌಕೆ ಚಂದ್ರನ ದಕ್ಷಿಣದ ಕಡೆ ಇಳಿದ ವರ್ಷ ಅದು. ಊರಿನಲ್ಲಿ ಎಲ್ಲರೂ ಅಲ್ಪಸ್ವಲ್ಪ ವಿಜ್ಞಾನಿಗಳಾಗಿದ್ದರು. ಹೊರಗ್ರಹಗಳಿಗೆ ಹೋದ ಯಂತ್ರಗಳಲ್ಲಿ ಮನುಷ್ಯರಿಲ್ಲ ಎಂದಾಗ ಮಾತ್ರ ಸ್ವಲ್ಪ ಆಕ್ಷೇಪಣೆ ಬಂತು. “ಡ್ರೈವರ್ ಇಲ್ಲದ ಗಾಡಿ ಅಷ್ಟ್ ದೂರ ಹೆಂಗ ಬಿಟ್ರಿ?” ಎಂದು ಒಬ್ಬ ಲಾರಿ ಚಾಲಕ ನನ್ನನ್ನೇ ಹೊಣೆಗಾರನನ್ನಾಗಿ ಮಾಡಿದ. ಗುರುವಿನ ಸುತ್ತ ತಿರುಗುವ ಯುರೋಪಾ ಎಂಬ ಚಂದ್ರನ ಮೇಲೆ ದಪ್ಪ ಮಂಜುಗಡ್ಡೆ ಇದೆ, ಕೆಳಗೆ ಸಮುದ್ರವೇ ಇರಬಹುದು, ಅದನ್ನು ಶೋಧಿಸಲು ಅಮೆರಿಕದವರು ಒಂದು ಯಂತ್ರ ಕಳಿಸುತ್ತಾರೆ ಎಂದು ಹೇಳಿದ ದಿನವಂತೂ ಹಿಟ್ಟಿನ ಡಬ್ಬಿ ತುಂಬಿದ ಮೇಲೂ ಯಾರೂ ಏಳಲಿಲ್ಲ.

“ಎಷ್ಟ್ ಫೂಟಿಗೆ ನೀರ್ ಬೀಳತೈತ್ರಿ ಅಲ್ಲಿ?” ಎಂದು ಒಬ್ಬ ಮುದುಕಿ ಕೇಳಿದಳು.

“ಫೂಟಿನ ಲೆಕ್ಕ ಅಲ್ಲಬೇ ಅದು. ಕಿಲೋಮೀಟರ್‌ಗಟ್ಲೆ ಬರ್ಫ ಕೊರೀಬೇಕು.”

“ಕೊರದರ ನೀರರೆ ಬರತೈತಲ್ಲ. ನಮ್ಮ ಹೊಲದಾಗ ಎಂಟನೂರು ಫೂಟಿಗೆ ಬರೇ ಧೂಳ ಬಂತು.”

ಆ ಯಂತ್ರದ ಜೊತೆ ಸಾರ್ವಜನಿಕರ ಹೆಸರುಗಳೂ ಹೋಗುತ್ತವೆ, ಸಣ್ಣ ಚಿಪ್ ಒಂದರ ಮೇಲೆ ಕಣ್ಣಿಗೆ ಕಾಣದ ಅಕ್ಷರಗಳಲ್ಲಿ ಕೆತ್ತುತ್ತಾರೆ, ಇಚ್ಛೆಯುಳ್ಳವರು ವರ್ಷದ ಕೊನೆಯೊಳಗೆ ಇಂಟರ್‌ನೆಟ್‌ನಲ್ಲಿ ಹೆಸರು ಕೊಡಬಹುದು ಎಂಬ ಸುದ್ದಿ ಬಂದಾಗ ನನ್ನೊಳಗಿನ ಶಿರಸ್ತೇದಾರ ಎದ್ದು ಕೂತ. ಇನ್ನೂರು ಪುಟದ ಪುಸ್ತಕ ತಂದು ಗೆರೆ ಹೊಡೆದೆ: ಕ್ರಮ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಷರಾ. ಅಮೆರಿಕದವರು ಕೇಳಿದ್ದು ಹೆಸರನ್ನು ಮಾತ್ರ. ಆದರೆ ಷರಾ ಕಾಲಂ ಇಲ್ಲದ ದಾಖಲೆಗೆ ನನ್ನ ಕೈ ಒಗ್ಗುವುದಿಲ್ಲ.

“ಆಧಾರ್ ಲಿಂಕ್ ಆಗಿರಬೇಕೇನ್ರಿ?” ಎಂದು ಒಬ್ಬ ಕೇಳಿದ. “ಹೆಸರು ಕೊಟ್ಟರ ರೇಷನ್ ಕಟ್ ಆಗಂಗಿಲ್ಲ ಹೌದಿಲ್ಲೋ?” ಎಂದು ಇನ್ನೊಬ್ಬಳು. ಗಂಡನ ಹೆಸರನ್ನು ಬಾಯಿಂದ ಆಡಬಾರದೆಂಬ ಹೆಂಗಸರು ಪಕ್ಕದವಳ ಕಡೆ ಗೋಣು ಹಾಕುತ್ತಿದ್ದರು. ಪಕ್ಕದವಳು ಹೇಳುತ್ತಿದ್ದಳು, ತನ್ನ ಸರದಿ ಬಂದಾಗ ಇವಳ ಕಡೆ ನೋಡುತ್ತಿದ್ದಳು. ಹೀಗೆ ಸಾಕ್ಷಿದಾರರ ಸಮಕ್ಷಮ ಪಟ್ಟಿ ತಯಾರಾಯಿತು.

ಗಿರಣಿಯ ಗೆಳೆಯ ಮಾತ್ರ ಹೆಸರು ಕೊಡಲಿಲ್ಲ.

“ನಂದ್ ಬ್ಯಾಡಪಾ. ತಿಪ್ಪಿ ಹೆಸರು ತಗೊಂಡು ಗುರುವಿನ ತನಕ ಯಾಕ ಹೋಗೂದು. ಇಲ್ಲೇ ಇರಲಿ.”

ಈ ತಿಪ್ಪೆಯ ಹೆಸರಿನ ವಿಷಯ ಹೇಳಬೇಕು. ಅವನಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಸಾವು ಹೆಸರು ಹಿಡಿದು ಹುಡುಕಿಕೊಂಡು ಬರುತ್ತದೆ, ಒಳ್ಳೆಯ ಹೆಸರಿನ ಮೇಲೆ ಅದರ ಕಣ್ಣು, ಕಸದ ಹೆಸರಾದರೆ ಕಸವೆಂದು ದಾಟಿ ಹೋಗುತ್ತದೆ ಎಂಬ ನಂಬಿಕೆಯಿಂದ ನಮ್ಮ ಸೀಮೆಯ ಎಷ್ಟೋ ತಾಯಂದಿರು ಮಾಡಿದ್ದನ್ನೇ ಅವನ ತಾಯಿಯೂ ಮಾಡಿದಳು. ನಾಲ್ಕನೆಯ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಮೂಗು ಚುಚ್ಚಿಸಿ, ತಿಪ್ಪೆಯ ಹೆಸರಿನಿಂದಲೇ ಕರೆದಳು. ಆದರೆ ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಅವನ ಕಿವಿಯಲ್ಲಿ ಇನ್ನೊಂದು ಹೆಸರು ಉಸುರಿದ್ದಳು. ಒಳ್ಳೆಯ ಹೆಸರು. ಅದನ್ನು ಯಾರೂ ಕರೆಯಬಾರದು, ಎಲ್ಲಿಯೂ ಬರೆಯಬಾರದು. ತಾಯಿ ತಾನು ಸಾಯುವ ಮೊದಲು ಅವನ ಕೈ ಹಿಡಿದು ಮತ್ತೊಮ್ಮೆ ಭಾಷೆ ತೆಗೆದುಕೊಂಡಳಂತೆ.

ನನಗೆ ಆ ಹೆಸರು ಗೊತ್ತಿತ್ತು. ಹತ್ತನೆಯ ತರಗತಿಯ ಪರೀಕ್ಷೆಯ ಅರ್ಜಿ ತುಂಬುವಾಗ ಹೆಡ್ಮಾಸ್ತರರು “ಹೆಸರು ಬದಲಿ ಮಾಡಿಕೊಳ್ಳುವವರು ಈಗಲೇ ಹೇಳಿರಿ” ಎಂದರು. ಅವನು ಸುಮ್ಮನಿದ್ದ. ಹೊರಗೆ ಬಂದ ಮೇಲೆ ನನ್ನಿಂದ ಆಣೆ ಹಾಕಿಸಿಕೊಂಡು ಮೆಲ್ಲಗೆ ಹೇಳಿದ. ಅಂಥ ಹೆಸರಿದ್ದವನು ಅಮಲ್ದಾರನಾಗಬಹುದಿತ್ತು ಎಂದು ನನಗೆ ಅನ್ನಿಸಿದ್ದು ನೆನಪಿದೆ.

ಗಡುವಿನ ದಿನ ಸಂಜೆ ನಾನು ಪಟ್ಟಿಯ ಎಲ್ಲ ಹೆಸರುಗಳನ್ನು ಒಂದೊಂದಾಗಿ ಇಂಟರ್‌ನೆಟ್‌ಗೆ ಏರಿಸಿ ಮುಗಿಸಿದೆ. ಕೊನೆಗೆ ಅವನ ಆ ಗುಟ್ಟಿನ ಹೆಸರು. ಭೂಮಿಯ ಮೇಲಿನ ಯಾವ ದಫ್ತರದಲ್ಲೂ ಇಲ್ಲದ ಹೆಸರದು. ಮತದಾರರ ಯಾದಿಯಲ್ಲಿಲ್ಲ, ಪಹಣಿಯಲ್ಲಿಲ್ಲ, ವಿದ್ಯುತ್ ಬಿಲ್ಲಿನಲ್ಲಿಲ್ಲ. ದಾಖಲೆಗಳನ್ನೇ ದೇವರೆಂದು ನಂಬಿ ಬದುಕಿದವನಿಗೆ ಇದು ಸಹಿಸಲಾಗದ ಲೋಪ. ಎಲ್ಲಾದರೂ ಒಂದು ಕಡೆ ನಮೂದಾಗಲಿ ಎಂದು ಏರಿಸಿಬಿಟ್ಟೆ. ಅರವತ್ತು ವರ್ಷ ದಾಟಿದವನು ಮಾಡುವ ಕೆಲಸವಲ್ಲ ಎಂದು ಬೆರಳಿಗೆ ಗೊತ್ತಿತ್ತು. ಬೆರಳು ಒತ್ತಿತು.

ಮುಂದಿನ ವರ್ಷ, ಉಡಾವಣೆ ಹತ್ತಿರ ಬಂದಾಗ, ಪ್ರತಿಯೊಬ್ಬರಿಗೂ ಅಮೆರಿಕದವರು ಇಂಟರ್‌ನೆಟ್‌ನಲ್ಲಿ ಕೊಟ್ಟ, ಅವರವರ ಹೆಸರಿದ್ದ ಚಿತ್ರಪತ್ರವನ್ನು ಮುದ್ರಿಸಿ ಹಂಚಿದೆ. ಗೆಳೆಯನದನ್ನು ಮಾತ್ರ ಕಟ್ಟು ಹಾಕಿಸಿ, ಗಾಜು ಕೂಡಿಸಿ, ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಗಿರಣಿಗೆ ಹೋದೆ. ಕಟ್ಟೆಯ ಮೇಲೆ ನಾಲ್ಕೈದು ಜನ ಇದ್ದರು. ಅವನ ಹೆಂಡತಿ ಹಿಟ್ಟು ತೂಗುತ್ತಿದ್ದಳು. ನಾನು ನಾಲ್ಕು ಮಾತಿನ ಸಣ್ಣ ಭಾಷಣ ಮಾಡಿ, ಕಾಗದ ಬಿಚ್ಚಿ, ಅವನ ಕೈಗಿಟ್ಟೆ.

ಅವನು ಓದಿದ. ಮೋಟಾರಿನ ಸ್ವಿಚ್ಚು ಕೆಳಗೆ ಮಾಡಿದ. ಬೆಲ್ಟು ನಿಂತಿತು. ಅರ್ಧ ಬೀಸಿದ ಜೋಳ ಕಲ್ಲಿನೊಳಗೇ ಉಳಿಯಿತು.

“ಯಾರ ಹೆಸರ್ರಿ ಇದು?” ಎಂದು ಹೆಂಡತಿ ಅವನ ಹೆಗಲಿನ ಮೇಲಿಂದ ನೋಡಿ ಕೇಳಿದಳು.

ಅವನು ನನ್ನನ್ನು ನೋಡಿದ. ಬೈಯಬಹುದಿತ್ತು. ಬೈದಿದ್ದರೆ ನನಗೆ ಒಂದು ದಾರಿ ಸಿಗುತ್ತಿತ್ತು.

“ಯಾರದೋ,” ಎಂದ. ಕಟ್ಟನ್ನು ಗೋಡೆಗೆ ಮುಖ ಮಾಡಿ ಇಟ್ಟ. “ಇವತ್ತ ಗಿರಣಿ ಬಂದ್. ನಾಳಿಗೆ ಬರ್ರಿ ಎಲ್ಲಾರೂ.”

ಮಹಾಲಯ ಅಮಾವಾಸ್ಯೆಯ ದಿನ, ತಾಯಿಗೆ ಎಡೆ ಹಿಡಿದು ಏಳುವಾಗ ಅವನಿಗೆ ಎದೆ ಹಿಡಿದುಕೊಂಡಿತು. ಕೊಪ್ಪಳಕ್ಕೆ ಕರೆದುಕೊಂಡು ಹೋದೆವು. ಮೂರು ದಿನ ಅಲ್ಲಿಟ್ಟುಕೊಂಡ ಡಾಕ್ಟರು ರಕ್ತನಾಳ ಮೂರು ಕಡೆ ಕಟ್ಟಿದೆ, ಹುಬ್ಬಳ್ಳಿಗೆ ಹೋಗಿ ಬೈಪಾಸ್ ಮಾಡಿಸಿ, ಹತ್ತು ದಿನದ ಮೇಲೆ ಹೋದರೆ ನಾನು ಮಾತು ಕೊಡಲಾರೆ ಎಂದರು. ಗೆಳೆಯ ಎಲ್ಲವನ್ನೂ ಕೇಳಿಸಿಕೊಂಡು, ಕೈ ಮುಗಿದು, ಕುಷ್ಟಗಿಯ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದ.

ಮನೆಗೆ ಬಂದವನು ಹುಬ್ಬಳ್ಳಿಗೆ ಹೋಗಲು ಒಪ್ಪಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಎರಡು ದಿನ ಕಾದು ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಕೂಡ್ರೆಂದರೆ ಕೂಡ್ರಲಿಲ್ಲ.

“ಅಣ್ಣಾರ, ನಿನ್ನೆ ಬಾಯಿ ಬಿಟ್ರು. ‘ನಮ್ಮವ್ವ ಅರವತ್ತೆಂಟು ವರ್ಷ ನನ್ನ ಮುಚ್ಚಿಟ್ಟಿದ್ದಳು, ಈಗ ಹೆಸರು ಬಯಲಿಗೆ ಬಿತ್ತು, ಸಾವಿಗೆ ಗುರುತು ಸಿಕ್ತು, ಆ ಗಾಡಿ ನನ್ನ ಹೆಸರ ಹೊತಗೊಂಡು ನಿಂತಿರೂ ತನಕ ನಾ ಆಪರೇಷನ್ ಟೇಬಲ್ ಮ್ಯಾಲ ಮಲಗಂಗಿಲ್ಲ’ ಅಂತಾರ. ಹೋದ ಮ್ಯಾಲಂತೂ ಮಲಗೂದ ಬ್ಯಾಡ ಅಂತಾರ. ಇದಕ್ಕ ಏನಂತೀರಿ?”

ನಾನು ಕುರ್ಚಿಯನ್ನು ಅವಳ ಕಡೆ ಸರಿಸಿದೆ.

“ನಲವತ್ತೊಂದು ವರ್ಷ ಬಾಳೇ ಮಾಡೀನಿ. ಎಷ್ಟ್ ಮದಿವ್ಯಾಗ ಒಡಪು ಕಟ್ಟಿ ಆ ತಿಪ್ಪಿ ಹೆಸರ ಹೇಳೀನಿ. ಖರೇ ಹೆಸರು ನನಗ ಗೊತ್ತಿರಲಿಲ್ಲ, ನಿಮಗ ಗೊತ್ತಿತ್ತು. ಇರಲಿ. ಅದರ ಜಗಳ ಆಮ್ಯಾಲ ಮಾಡತೀನಿ ನಿಮ್ಮಿಬ್ಬರ ಜೋಡಿ. ಮೊದಲ ಆ ಹೆಸರ ತಗಸ್ರಿ.”

“ತಂಗೆವ್ವ, ಅದು ಅಮೆರಿಕಾದಾಗ ಐತಿ.”

“ನೀವ ಹಾಕಿದ್ದಲ್ಲ. ನೀವ ತಗಸ್ರಿ.”

ಕಾನೂನಿನ ಪ್ರಕಾರ ಅವಳ ವಾದದಲ್ಲಿ ಲೋಪವಿರಲಿಲ್ಲ. ನಾನು ಇ-ಮೇಲ್ ಮೂಲಕ ಮನವಿ ಸಲ್ಲಿಸಿದೆ. ವಿಷಯ, ಉಲ್ಲೇಖ, ಮಾನ್ಯರೇ ಎಂದು ಕ್ರಮಬದ್ಧವಾಗಿಯೇ ಬರೆದೆ. ನಿಮಿಷದೊಳಗೆ ಉತ್ತರ ಬಂತು: ನಿಮ್ಮ ಆಸಕ್ತಿಗೆ ಧನ್ಯವಾದ. ಯಾವ ಮನುಷ್ಯನೂ ಬರೆದದ್ದಲ್ಲ ಅದು. ಮತ್ತೆ ಬರೆದೆ, ಮತ್ತೆ ಧನ್ಯವಾದ ಬಂತು. ಹೆಸರುಗಳ ಚಿಪ್ ಅನ್ನು ಆಗಲೇ ಯಂತ್ರಕ್ಕೆ ಕೂಡಿಸಿ, ಯಂತ್ರವನ್ನು ರಾಕೆಟ್ಟಿನ ಮೂತಿಯೊಳಗೆ ಮುಚ್ಚಿಟ್ಟಿದ್ದರು. ಅದರೊಳಗಿನ ಒಂದು ಹೆಸರನ್ನು ಕುಷ್ಟಗಿಯ ನಿವೃತ್ತ ನೌಕರನೊಬ್ಬನ ಅರ್ಜಿಯ ಮೇರೆಗೆ ಹೊಡೆದುಹಾಕುವ ಅವಕಾಶ ಅವರ ನಿಯಮಾವಳಿಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಉಡಾವಣೆಯ ಜಾಗದ ಕಡೆ ದೊಡ್ಡ ಚಂಡಮಾರುತ ಬಂದದ್ದರಿಂದ ರಾಕೆಟ್ಟನ್ನು ತಡೆದು ನಿಲ್ಲಿಸಿದರು. ಯಾವ ದಿನ ಹಾರುತ್ತದೋ ಗೊತ್ತಿಲ್ಲ ಎಂದು ಸುದ್ದಿ. ನಾನು ಗೆಳೆಯನ ಮಂಚದ ಹತ್ತಿರ ಹೋದಾಗ ಅವನಿಗೆ ಅದು ಆಗಲೇ ತಿಳಿದಿತ್ತು. ಮೊಬೈಲು ದಿಂಬಿನ ಕೆಳಗಿತ್ತು. ಶಾಲೆಯ ದಿನಗಳಿಂದಲೂ ನನ್ನ ಗ್ರಹಗಳ ಪ್ರವಚನಕ್ಕೆ ಕಿವಿಗೊಡದವನು ಈಗ ತಾಸಿಗೊಮ್ಮೆ ರಾಕೆಟ್ಟಿನ ಸುದ್ದಿ ನೋಡುತ್ತಿದ್ದ.

“ನಮ್ಮವ್ವ ತಡದಾಳ ಅದನ್ನ,” ಎಂದ. ಮಾತಿಗೂ ಮಾತಿಗೂ ನಡುವೆ ಉಸಿರು ಹಿಡಿಯುತ್ತಿತ್ತು.

“ಅದು ಗಾಳಿಪಾ. ಸಮುದ್ರದ ಗಾಳಿ.”

“ನೀ ಗಾಳಿ ಅನ್ನು. ನಾ ಅವ್ವ ಅಂತೀನಿ. ಎಷ್ಟ್ ದಿನ ತಡೀತಾಳ ನೋಡೂಣು.”

ಡಾಕ್ಟರು ಕೊಟ್ಟ ಹತ್ತು ದಿನಗಳಲ್ಲಿ ಐದು ಮುಗಿದಿದ್ದವು. ಅವನ ತುಟಿಯ ಬಣ್ಣ ನನಗೆ ಹಿಡಿಸಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ನಾನು ಗಂಗಾವತಿಗೆ ಹೋದೆ. ಕುಷ್ಟಗಿಯ ಡಿಟಿಪಿ ಅಂಗಡಿಗಳಲ್ಲಿ ನನ್ನನ್ನು ಸಾಹೇಬರೆಂದು ಕರೆಯುವವರಿದ್ದಾರೆ. ಯಲಬುರ್ಗಾದಲ್ಲಿ ಗೆಳೆಯನ ಮಗಳು ಶಾಲೆಯ ಶಿಕ್ಷಕಿ. ನಾನು ಮಾಡಲಿದ್ದ ಕೆಲಸಕ್ಕೆ ಆ ಎರಡೂ ಊರು ಆಗುವಂತಿರಲಿಲ್ಲ. ಗಂಗಾವತಿಯ ಬಸ್ ನಿಲ್ದಾಣದ ಎದುರಿನ ಸಂದಿಯಲ್ಲಿ ಒಂದು ಅಂಗಡಿ ಸಿಕ್ಕಿತು. ಮೂವತ್ತಾರು ವರ್ಷದ ನೌಕರಿಯಲ್ಲಿ ಎಷ್ಟು ಖೊಟ್ಟಿ ದಾಖಲೆಗಳನ್ನು ಹಿಡಿದಿದ್ದೇನೆ, ಎಷ್ಟು ಜನರನ್ನು ಮೇಜಿನ ಮುಂದೆ ನಿಲ್ಲಿಸಿ ಬೆವರಿಳಿಸಿದ್ದೇನೆ. ಈಗ ನಾನು ಸ್ಟೂಲಿನ ಮೇಲೆ ಕೂತು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಅಮೆರಿಕದ ಪರವಾಗಿ ಇಂಗ್ಲಿಷಿನಲ್ಲಿ ಒಂದು ಆದೇಶವನ್ನು ಬಾಯಿಪಾಠದಂತೆ ಹೇಳಿ ಬರೆಸಿದೆ. ಸದರಿ ಹೆಸರನ್ನು ಉಡಾವಣೆಗೆ ಮುನ್ನ ಯಾದಿಯಿಂದ ತೆಗೆದುಹಾಕಲಾಗಿದೆ ಎಂಬುದು ಸಾರಾಂಶ.

“ಮ್ಯಾಲ ಲೋಗೋ ಹಾಕ್ಲೇನ್ರಿ? ನೆಟ್‌ನ್ಯಾಗ ಸಿಗತೈತಿ,” ಎಂದ ಅಂಗಡಿಯವನು.

“ಬ್ಯಾಡ.”

“ಲೋಗೋ ಇಲ್ಲಂದ್ರ ಯಾರ್ ನಂಬತಾರ್ರಿ?”

ಅಪರಾಧಕ್ಕೂ ಒಂದು ಮಿತಿ ಇರಬೇಕೆಂದು ನಾನು ಅವನಿಗೆ ಹೇಳಲಿಲ್ಲ. ಕಾಗದವನ್ನು ಲಕೋಟೆಗೆ ಹಾಕಿಕೊಂಡು, ಬಸ್ಸಿನಲ್ಲಿ ಕೂತು, ನನ್ನ ಪೆನ್ನು ತೆಗೆದು ಕೆಳಗೆ ಒಂದು ಸಹಿ ಮಾಡಿದೆ. ಯಾರ ಸಹಿಯೆಂದು ನನಗೂ ಓದಲಾಗಲಿಲ್ಲ. ಆ ಒಂದು ವಿಷಯದಲ್ಲಿ ಅದು ನಿಜವಾದ ಅಧಿಕಾರಿಯ ಸಹಿಯನ್ನೇ ಹೋಲುತ್ತಿತ್ತು.

ಮರುದಿನ ಆಯುಧಪೂಜೆ. ಗಿರಣಿಯ ಯಂತ್ರಕ್ಕೆ ಸುಣ್ಣ, ಕುಂಕುಮ, ಚೆಂಡುಹೂವು. ಗೆಳೆಯನನ್ನು ಇಬ್ಬರು ಹಿಡಿದುಕೊಂಡು ಬಂದು ಕುರ್ಚಿಯ ಮೇಲೆ ಕೂಡಿಸಿದ್ದರು. ಹಬ್ಬಕ್ಕೆ ಮಗಳೂ ಬಂದಿದ್ದಳು. ನಾನು ಲಕೋಟೆಯನ್ನು ಅವನ ಕಡೆ ಚಾಚಿದೆ.

“ಇಂಗ್ಲಿಷಿನಾಗ ಐತಿ. ಮಗಳ ಓದಲಿ,” ಎಂದ.

ಆಗ ನನಗೆ ತಿಳಿಯಿತು, ಹಬ್ಬಕ್ಕೆ ಹುಡುಗಿ ಬರುತ್ತಾಳೆಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಲಕೋಟೆ ಒಡೆದು ಕಾಗದ ಬಿಚ್ಚಿದಳು. ಮೊದಲು ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿದಳು. ನನ್ನ ಕಣ್ಣೂ ಅವಳ ಕಣ್ಣಿನ ಹಿಂದೆ ಇಳಿಯಿತು, ಮತ್ತು ನನ್ನ ಹಳೆಯ ಅಭ್ಯಾಸದಿಂದಾದ ಅನಾಹುತಗಳು ಒಂದೊಂದಾಗಿ ಕಂಡವು. ಎಡಗಡೆ ಕಡತದ ಸಂಖ್ಯೆ, ಅದೂ ನಮ್ಮ ಕಚೇರಿಯ ಮಾದರಿಯಲ್ಲಿ, ಓರೆಗೆರೆ ಹಾಕಿ. ಕೆಳಗೆ “ಪ್ರತಿ: ಕಚೇರಿ ಕಡತಕ್ಕೆ” ಎಂಬುದರ ಇಂಗ್ಲಿಷು. ಸಹಿ ಹಸಿರು ಮಸಿಯಲ್ಲಿ. ದೊಡ್ಡ ಅಧಿಕಾರಿಗಳು ಹಸಿರಿನಲ್ಲೇ ಸಹಿ ಮಾಡುತ್ತಾರೆಂಬುದು ಕೊಪ್ಪಳ ಜಿಲ್ಲೆಯ ಸತ್ಯ. ಅಮೆರಿಕದಲ್ಲೂ ಹಾಗೆಯೇ ಎಂದು ನಾನು ಯೋಚನೆ ಮಾಡದೇ ನಂಬಿದ್ದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

“ಕಾಕಾ, ಇದು ಯಾವಾಗ ಬಂತು?”

“ನಿನ್ನೆ.”

“ಪೋಸ್ಟಿನ್ಯಾಗೋ?”

“ಮೇಲ್‌ನ್ಯಾಗ. ನಾ ಪ್ರಿಂಟ್ ತಗಸಿನಿ.”

ಮೇಲ್‌ನಲ್ಲಿ ಬಂದ ಕಾಗದಕ್ಕೆ ಪೆನ್ನಿನ ಸಹಿ ಹೇಗೆ ಬಂತೆಂದು ಅವಳು ಕೇಳಬಹುದಿತ್ತು. ಸಹಿಯ ಮೇಲೆ ಹೆಬ್ಬೆರಳಿಟ್ಟು ಹಿಡಿದಳು. ಅವಳ ತಾಯಿ ಊದಿನಕಡ್ಡಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು. ಬೂದಿ ಉದುರಿ ಸೆರಗಿನ ಮೇಲೆ ಬಿತ್ತು.

“ಏನ್ ಬರದಾರವ್ವ?” ಎಂದ ಅಪ್ಪ.

ಅವಳು ಓದಿದಳು. ಪಾಠ ಓದುವ ದನಿಯಲ್ಲಿ, ಒಂದೊಂದು ವಾಕ್ಯವನ್ನೂ ಕನ್ನಡ ಮಾಡಿ, ಎಲ್ಲಿಯೂ ತಡವರಿಸದೆ. ಕಡತದ ಸಂಖ್ಯೆಯನ್ನು ಬಿಟ್ಟಳು, ಪ್ರತಿಯನ್ನು ಬಿಟ್ಟಳು. ನಾನು ಬರೆಸದೇ ಇದ್ದ ಒಂದು ವಾಕ್ಯವನ್ನು ತಾನೇ ಸೇರಿಸಿದಳು: “ಆಗಿದ್ದಕ್ಕ ವಿಷಾದ ಐತಿ ಅಂತ ಬರದಾರ ಅಪ್ಪಾ.” ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ತನ್ನ ಪರ್ಸಿಗೆ ಹಾಕಿಕೊಂಡಳು. “ನನ್ನ ಹಂತ್ಯಾಕ ಇರಲಿ,” ಎಂದಳು. ಅದು ಯಾರಿಗೆ ಹೇಳಿದ್ದೆಂದು ನನಗೆ ಗೊತ್ತಾಯಿತು.

ಗೆಳೆಯ ಬಹಳ ಹೊತ್ತು ಹೂವು ಹಾಕಿದ ಯಂತ್ರವನ್ನು ನೋಡುತ್ತ ಕೂತ. ನಾನು ಅವನ ಎದೆಯ ಏರಿಳಿತ ಎಣಿಸುತ್ತಿದ್ದೆ.

“ನಾಡಿದ್ದ ಹೋಗೂಣು ಹುಬ್ಬಳ್ಳಿಗೆ,” ಎಂದ. “ನಾಳಿಗೆ ಬನ್ನಿ ಕೊಟ್ಟ್ ಬರತೀನಿ ಮಂದಿಗೆ.”

ಹುಬ್ಬಳ್ಳಿಯಲ್ಲಿ ಸೋಮವಾರ ಬೆಳಿಗ್ಗೆ ಅವನನ್ನು ಆಪರೇಷನ್ನಿಗೆ ಒಳಗೆ ಒಯ್ದರು. ಕೈಗೆ ಕಟ್ಟಿದ ಪಟ್ಟಿಯ ಮೇಲೆ ತಿಪ್ಪೆಯ ಹೆಸರೇ ಇತ್ತು. ಅದನ್ನು ಎರಡು ಸಲ ಓದಿ ಸರಿ ನೋಡಿದೆ. ಆರು ತಾಸು ಎಂದವರು ಎಂಟು ತಾಸಾದರೂ ಹೊರಗೆ ಬರಲಿಲ್ಲ. ಅವನ ಹೆಂಡತಿ ಹುಲಿಗೆಮ್ಮನ ಭಂಡಾರದ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಕೂತವಳು ನೀರು ಸಹ ಮುಟ್ಟಲಿಲ್ಲ. ಸಂಜೆ ಒಬ್ಬ ಡಾಕ್ಟರು ಬಂದು, ಆಪರೇಷನ್ ಆಗಿದೆ, ಒಂದು ಕಡೆ ರಕ್ತ ನಿಲ್ಲಲು ತಡವಾಯಿತು, ಬೆಳಗಿನವರೆಗೆ ಏನೂ ಹೇಳುವುದಿಲ್ಲ ಎಂದು ಹೇಳಿ ಹೋದರು.

ಅದೇ ದಿನ ರಾತ್ರಿ ಊಟದ ಹೊತ್ತಿನ ಮೇಲೆ ರಾಕೆಟ್ಟು ಹಾರುವುದಿತ್ತು. ಚಂಡಮಾರುತ ದಾಟಿ ಹೋಗಿತ್ತು. ಮಗಳು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತು ಮೊಬೈಲು ತೆರೆದಳು. ಸದ್ದು ತೆಗೆದಿದ್ದಳು. ಅಮೆರಿಕದ ಹಗಲಿನ ಬಿಸಿಲಿನಲ್ಲಿ ನಿಂತ ಬಿಳಿಯ ರಾಕೆಟ್ಟು, ಕೆಳಗೆ ಇಳಿಯುವ ಅಂಕಿಗಳು. ಗ್ರಹಯಂತ್ರಗಳ ಸುದ್ದಿಯನ್ನು ಶಾಲೆಯ ದಿನಗಳಿಂದ ಕತ್ತರಿಸಿ ಅಂಟಿಸಿಟ್ಟುಕೊಂಡವನು ನಾನು. ಒಂದು ಯಂತ್ರವೂ ಕೆಡಲಿ ಎಂದು ಯಾವತ್ತೂ ಬಯಸಿದವನಲ್ಲ. ಆ ರಾತ್ರಿ ಬಯಸಿದೆ. ಸಾವಿರಾರು ಜನರ ಎಷ್ಟೋ ವರ್ಷದ ದುಡಿಮೆ ಸಮುದ್ರಕ್ಕೆ ಬೀಳಲಿ, ಲಕ್ಷಾಂತರ ಹೆಸರುಗಳು ಮುಳುಗಲಿ, ಅದರೊಳಗೆ ಅವನದೂ ಒಂದು ಮುಳುಗಿ ಹೋಗಲಿ ಎಂದು ಬೇಡಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಆಗಿದೆ.

ಅದು ಏರಿತು. ಎಲ್ಲಿಯೂ ತೊದಲಲಿಲ್ಲ.

“ಹೋತು,” ಎಂದಳು ಮಗಳು. ಸ್ವಲ್ಪ ಹೊತ್ತಿನ ಮೇಲೆ, “ಮತ್ತ ಹಸಿರು ಮಸ್ಯಾಗ ಸಹಿ ಮಾಡಬ್ಯಾಡ್ರಿ ಕಾಕಾ,” ಎಂದಳು.

ಬೆಳಗಿನ ಜಾವ ಕಳೆದು ಬಿಸಿಲು ಬಂದ ಮೇಲೆ ನರ್ಸು ಬಂದು, ಎಚ್ಚರಾಗಿದ್ದಾರೆ, ಒಬ್ಬರು ಮಾತ್ರ ಬರಬೇಕು ಎಂದಳು. ಅವನ ಹೆಂಡತಿ ಎದ್ದು ಹೋದಳು. ಬಂದವಳು ನನ್ನ ಎದುರು ನಿಂತು, “ಚಾ ಕೇಳಾಕತ್ತಾರ,” ಎಂದಳು. ಆಮೇಲೆ ಬೆಂಚಿನ ಮೇಲೆ ಕೂತು ಮುಖಕ್ಕೆ ಸೆರಗು ಹಾಕಿಕೊಂಡಳು.

ಸಂಕ್ರಾಂತಿಯವರೆಗೆ ಅವನು ರಾಕೆಟ್ಟಿನ ವಿಷಯ ಎತ್ತಲಿಲ್ಲ. ನಾನೂ ಗಿರಣಿಯ ಕಟ್ಟೆಯ ಮೇಲೆ ಗ್ರಹಗಳ ಮಾತು ನಿಲ್ಲಿಸಿದ್ದೆ. ಜನ ಕೇಳಿದರೆ ಜೋಳದ ಧಾರಣೆಯ ಕಡೆ ತಿರುಗಿಸುತ್ತಿದ್ದೆ. ಹಬ್ಬ ಕಳೆದ ಒಂದು ಮಧ್ಯಾಹ್ನ, ಕಟ್ಟೆಯ ಮೇಲೆ ನಾವಿಬ್ಬರೇ ಇದ್ದಾಗ, ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದ.

“ಹೋತೇನು ಅದು?”

“ಹೋತು. ನಿನ್ನ ಆಪರೇಷನ್ ಆದ ದಿನಾನ.”

“ಈಗ ಎಲ್ಲೈತಿ?”

“ಮಂಗಳನ ಕಡೆ ಹೊಂಟೈತಿ. ಅಲ್ಲಿಂದ ಹೊಳ್ಳಿ ಭೂಮಿ ಹಂತ್ಯಾಕ ಬಂದು, ಆಮ್ಯಾಲ ಗುರು. ಇನ್ನೂ ಐದ್ ವರ್ಷ.”

“ನನ್ನ ಹೆಸರು?”

ಮಗಳ ಪರ್ಸಿನಲ್ಲಿದ್ದ ಕಾಗದದ ಮೇಲೆ ಇನ್ನೊಂದು ಸುಳ್ಳು ಹೇರುವ ಶಕ್ತಿ ನನ್ನಲ್ಲಿರಲಿಲ್ಲ.

“ಅದರಾಗ ಐತಿ. ಆ ಪತ್ರ ನಾ ಗಂಗಾವತ್ಯಾಗ ಬರಸಿದ್ದು.”

ಅವನು ಕೊನೆಯ ಗುಂಡಿಯನ್ನು ಹಾಕಿಕೊಂಡ. ಅಂಗಿಯ ಮೇಲಿಂದ ಎದೆಯ ಹೊಲಿಗೆಯನ್ನು ಒಮ್ಮೆ ಸವರಿದ. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಗಿ ಧೂಳೆಬ್ಬಿಸಿತು. ಅವನ ತಾಯಿ ಸತ್ತು ಆಗ ಇಪ್ಪತ್ತೆರಡು ವರ್ಷ.

“ನಮ್ಮವ್ವಗ ಹೇಳಬ್ಯಾಡ,” ಎಂದ.

“ಹೇಳಂಗಿಲ್ಲ,” ಎಂದೆ.